ಒಂದನೇ ತರಗತಿಯಿಂದ ಓದಿದರೂ ಬಾಯಿಗೆ ಬಾರದ ಇಂಗ್ಲಿಷ್: ಅವಳಿನಗರದ ಪ್ರವಾಸೋದ್ಯಮ ವಿದ್ಯಾರ್ಥಿಗಳ ಅಳಲು

ಹುಬ್ಬಳ್ಳಿ: ಪ್ರವಾಸೋದ್ಯಮವನ್ನು ವಿಷಯವಾಗಿ ಆಯ್ದುಕೊಂಡ ಪದವಿ ವಿದ್ಯಾರ್ಥಿಗೆ ಚಾಲುಕ್ಯರ ವಂಶಾವಳಿ ಕಂಠಪಾಠವಿರುತ್ತದೆ. ಪಟ್ಟದಕಲ್ಲಿನ ವಿರೂಪಾಕ್ಷ ದೇಗುಲವನ್ನು ಯಾರು ಕಟ್ಟಿಸಿದರು ಎಂದು ಕೇಳಿದರೆ, ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ, ಕಂಚಿಯ ಪಲ್ಲವರ ಮೇಲಿನ ವಿಜಯದ ನೆನಪಿಗೆ ಎಂದು ಥಟ್ಟನೆ ಉತ್ತರ ಬರುತ್ತದೆ. ಅದೇ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಿದರೆ ಮಾತು ಗಂಟಲಲ್ಲಿಯೇ ನಿಲ್ಲುತ್ತದೆ. ಹೋಟೆಲು, ಟ್ರಾವೆಲ್ ಏಜೆನ್ಸಿ, ರೆಸಾರ್ಟುಗಳ ಸಂದರ್ಶನದಲ್ಲಿ ಅಭ್ಯರ್ಥಿಯ ಭವಿಷ್ಯ ನಿರ್ಧಾರವಾಗುವುದು ಬಹುತೇಕ ಇದೇ ಗಳಿಗೆಯಲ್ಲಿ. ವಿಷಯ ಗೊತ್ತಿದ್ದವನು ಹಿಂದುಳಿದು, ವಿಷಯ ಗೊತ್ತಿಲ್ಲದಿದ್ದರೂ ಸರಾಗವಾಗಿ ಮಾತನಾಡುವವನು ಮುಂದೆ ಹೋಗುವುದು ಈ ಕ್ಷೇತ್ರದಲ್ಲಿ ಹೊಸದೇನಲ್ಲ.

ಇಂಗ್ಲಿಷ್ ಏಕೆ ಕಲಿಯಬೇಕು ಎಂಬ ಪ್ರಶ್ನೆಗೆ ಹುಬ್ಬಳ್ಳಿ-ಧಾರವಾಡದ ವಿದ್ಯಾರ್ಥಿಗಳಲ್ಲಿ ಎರಡು ಅಭಿಪ್ರಾಯಗಳಿಲ್ಲ. ಕೆಲಸಕ್ಕೆ ಬೇಕು, ಅಷ್ಟೇ. ಯಾವ ಕೆಲಸಕ್ಕೆ, ಎಷ್ಟು, ಎಂಥ ಇಂಗ್ಲಿಷ್ ಬೇಕು ಎಂದು ಮುಂದುವರಿದು ಕೇಳಿದರೆ ಉತ್ತರ ಮಸುಕಾಗುತ್ತದೆ. ಇಂಗ್ಲಿಷ್ ಎಂಬುದು ಅವರ ಮನಸ್ಸಿನಲ್ಲಿ ಒಂದೇ ದೊಡ್ಡ ಗುಡ್ಡ; ಪೂರ್ತಿ ಹತ್ತಿದರೆ ಉದ್ಯೋಗ, ಇಲ್ಲದಿದ್ದರೆ ಏನೂ ಇಲ್ಲ. ಈ ಕಲ್ಪನೆಯೇ ಕಲಿಕೆಗೆ ದೊಡ್ಡ ಅಡ್ಡಿಯಾಗಿದೆ. ಏಕೆಂದರೆ ಪ್ರವಾಸೋದ್ಯಮಕ್ಕೆ ಬೇಕಾದ ಇಂಗ್ಲಿಷ್ ಗುಡ್ಡವಲ್ಲ, ಕೆಲಸದಿಂದ ಕೆಲಸಕ್ಕೆ ಬದಲಾಗುವ, ಅಳತೆಗೆ ಸಿಗುವ ಕೌಶಲ.

ಹುಬ್ಬಳ್ಳಿ ಎಂಬ ಹೆಬ್ಬಾಗಿಲು

ಉತ್ತರ ಕರ್ನಾಟಕದ ಪ್ರವಾಸಿ ತಾಣಗಳ ನಕ್ಷೆಯನ್ನು ಬಿಡಿಸಿದರೆ ಹುಬ್ಬಳ್ಳಿ ಅದರ ನಡುವೆ ನಿಲ್ಲುತ್ತದೆ. ಬಾದಾಮಿ ಸುಮಾರು 105 ಕಿ.ಮೀ., ಹಂಪಿ ಸುಮಾರು 165 ಕಿ.ಮೀ., ಲಕ್ಕುಂಡಿ 70 ಕಿ.ಮೀ. ಆಸುಪಾಸು. ಧಾರವಾಡದಿಂದ ದಾಂಡೇಲಿ ಒಂದೂವರೆ ತಾಸಿನ ಹಾದಿ. ಹಂಪಿ 1986ರಲ್ಲಿ, ಪಟ್ಟದಕಲ್ಲು 1987ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ನೈರುತ್ಯ ರೈಲ್ವೆ ವಲಯದ ಕೇಂದ್ರ ಕಚೇರಿ 2003ರಿಂದ ಹುಬ್ಬಳ್ಳಿಯಲ್ಲಿದೆ. ಉಡಾನ್ ಯೋಜನೆಯಡಿ 2018ರಲ್ಲಿ ವಿಮಾನ ಸಂಪರ್ಕ ಹೆಚ್ಚಿತು. 2023ರ ಮಾರ್ಚ್‌ನಲ್ಲಿ ಇಲ್ಲಿನ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಉದ್ಘಾಟನೆಗೊಂಡು ವಿಶ್ವದಾಖಲೆಯಾಯಿತು. ಅದೇ ವರ್ಷ ಜೂನ್‌ನಲ್ಲಿ ಧಾರವಾಡ-ಬೆಂಗಳೂರು ವಂದೇ ಭಾರತ್ ರೈಲು ಸಂಚಾರ ಆರಂಭಿಸಿತು.

ಇಷ್ಟೆಲ್ಲ ಇದ್ದ ಮೇಲೆ ಪ್ರವಾಸೋದ್ಯಮ ಓದಿದವರಿಗೆ ಊರಲ್ಲಿಯೇ ಕೆಲಸ ಸಿಗಬೇಕೆಂಬ ನಿರೀಕ್ಷೆ ಸಹಜ. ಭಾರತೀಯ ಪ್ರವಾಸೋದ್ಯಮ ಮತ್ತು ಪ್ರಯಾಣ ನಿರ್ವಹಣಾ ಸಂಸ್ಥೆ 1983ರಲ್ಲಿ ಸ್ಥಾಪನೆಯಾಯಿತು. 1994-95ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಪದವಿ ಹಂತಕ್ಕೆ ವೃತ್ತಿಪರ ವಿಷಯಗಳನ್ನು ತಂದಾಗ ಪ್ರವಾಸೋದ್ಯಮವೂ ಅವುಗಳಲ್ಲಿ ಒಂದಾಗಿತ್ತು. ಅಂದಿನಿಂದ ಈ ವಿಷಯ ಕಲಾ ಕಾಲೇಜುಗಳ ಒಳಗೆ ಬಂದಿತು. ಕಲಾ ಕಾಲೇಜಿಗೆ ಬರುವವರು ಯಾರು ಎಂಬುದರಲ್ಲಿಯೇ ಮುಂದಿನ ಕಥೆ ಅಡಗಿದೆ. ಅವಳಿನಗರದಲ್ಲಿ ಕಲಾ ವಿಭಾಗಕ್ಕೆ ಸೇರುವವರಲ್ಲಿ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯ ಹಳ್ಳಿಗಳಿಂದ, ನೆರೆಯ ಗದಗ ಮತ್ತು ಹಾವೇರಿ ಜಿಲ್ಲೆಗಳಿಂದ ಬರುವ ಕನ್ನಡ ಮಾಧ್ಯಮದವರ ಪಾಲು ದೊಡ್ಡದು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ನಗರದ ಮಕ್ಕಳು ಎಂಜಿನಿಯರಿಂಗ್, ವಾಣಿಜ್ಯ, ಬಿಬಿಎ ಕಡೆಗೆ ಹೊರಳುತ್ತಾರೆ. ಹೀಗಾಗಿ ಇಂಗ್ಲಿಷ್ ಅತಿ ಹೆಚ್ಚು ಬೇಕಾದ ಉದ್ಯೋಗಗಳಲ್ಲಿ ಒಂದಕ್ಕೆ ಇಂಗ್ಲಿಷಿನ ಒಡನಾಟ ಅತಿ ಕಡಿಮೆ ಇದ್ದವರೇ ತಯಾರಾಗುತ್ತಿರುವುದು ವಿಪರ್ಯಾಸ.

ಹನ್ನೆರಡು ವರ್ಷ ಕಲಿತವರು

ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸುವ ವ್ಯವಸ್ಥೆ ಜಾರಿಗೆ ಬಂದದ್ದು 2007-08ರಲ್ಲಿ. ಸುಲಭದ ಲೆಕ್ಕ ಹಾಕಿದರೆ, ಇಂದು ಪದವಿ ಕಾಲೇಜಿನ ಬೆಂಚಿನ ಮೇಲೆ ಕುಳಿತಿರುವವರು ಈ ವ್ಯವಸ್ಥೆ ಬಂದ ನಂತರ ಶಾಲೆಗೆ ಸೇರಿದ ಪೀಳಿಗೆ. ಐದನೇ ತರಗತಿಗೆ ಬಂದ ಮೇಲೆ ಎ, ಬಿ, ಸಿ ಕಲಿತೆವು ಎಂಬ ಹಿಂದಿನವರ ಸಬೂಬು ಇವರಿಗಿಲ್ಲ. ದ್ವಿತೀಯ ಪಿಯುಸಿ ಮುಗಿಸುವ ಹೊತ್ತಿಗೆ ಇವರು ಹನ್ನೆರಡು ವರ್ಷ ಇಂಗ್ಲಿಷ್ ಓದಿರುತ್ತಾರೆ. ಬಿಡುಗಡೆಯಾಗದ ಬಾಯಿಗೆ ಕಾರಣ ವರ್ಷಗಳ ಕೊರತೆಯಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಓದಿದ ಬಗೆ ಎಂಥದು ಎಂಬುದನ್ನು ನೋಡಬೇಕು. ಇಂಗ್ಲಿಷ್ ಪಾಠವನ್ನು ಕನ್ನಡದಲ್ಲಿ ಅರ್ಥ ಹೇಳಿ ಮುಗಿಸುವುದು, ಪ್ರಶ್ನೋತ್ತರಗಳನ್ನು ಗೈಡ್ ನೋಡಿ ಬರೆಸುವುದು, ಪರೀಕ್ಷೆಗೆ ಬರಬಹುದಾದ ಪತ್ರ ಮತ್ತು ಪ್ರಬಂಧವನ್ನು ಉರು ಹೊಡೆಸುವುದು ಗ್ರಾಮೀಣ ಶಾಲೆಗಳಲ್ಲಿ ಬೇರೂರಿದ ಪದ್ಧತಿ. ಅರವತ್ತು ಮಕ್ಕಳ ತರಗತಿಯಲ್ಲಿ ಪ್ರತಿಯೊಬ್ಬರಿಗೂ ಅರ್ಧ ನಿಮಿಷ ಮಾತನಾಡುವ ಅವಕಾಶ ಕೊಟ್ಟರೂ ಅರ್ಧ ತಾಸು ಹಿಡಿಯುತ್ತದೆ. ಅಷ್ಟು ಬಿಡುವು ಯಾವ ಶಿಕ್ಷಕರಿಗೂ ಇರುವುದಿಲ್ಲ. ಪರಿಣಾಮವಾಗಿ ವಿದ್ಯಾರ್ಥಿಗೆ ಇಂಗ್ಲಿಷ್ ಕಣ್ಣಿನ ಭಾಷೆಯಾಗಿ, ಕೈಯ ಭಾಷೆಯಾಗಿ ಪರಿಚಿತವಾಗುತ್ತದೆ. ಕಿವಿಗೂ ಬಾಯಿಗೂ ಅದು ಅಪರಿಚಿತವಾಗಿಯೇ ಉಳಿಯುತ್ತದೆ. ಪ್ರವಾಸೋದ್ಯಮಕ್ಕೆ ಬೇಕಾಗಿರುವುದು ಆ ಎರಡೇ.

ಹಂಪಿಯಲ್ಲಿ ಇದಕ್ಕೆ ತದ್ವಿರುದ್ಧ ದೃಶ್ಯ ಕಾಣಸಿಗುತ್ತದೆ. ಪ್ರೌಢಶಾಲೆಯ ಮೆಟ್ಟಿಲನ್ನೂ ಸರಿಯಾಗಿ ಹತ್ತದ ಆಟೊ ಚಾಲಕರು, ಎಳನೀರು ಮಾರುವವರು ವಿದೇಶಿ ಪ್ರವಾಸಿಗರೊಡನೆ ಇಂಗ್ಲಿಷಿನಲ್ಲಿ ವ್ಯವಹರಿಸುತ್ತಾರೆ. ಅವರ ವ್ಯಾಕರಣ ತಪ್ಪಿರಬಹುದು. ದರ, ದೂರ, ಸಮಯ, ದಾರಿ ಯಾವುದರಲ್ಲೂ ತಪ್ಪಿಲ್ಲ. ಆಟೊ ಚಾಲಕನಿಗೆ ತಪ್ಪು ಮಾತನಾಡಿದರೆ ಅಂಕ ಕಡಿಮೆಯಾಗುತ್ತದೆ ಎಂಬ ಭಯವಿಲ್ಲ, ಪದವೀಧರನಿಗೆ ಇದೆ. ತರಗತಿಯಲ್ಲಿ ಒಮ್ಮೆ ಇಂಗ್ಲಿಷಿನಲ್ಲಿ ಎಡವಿ ಗೆಳೆಯರ ನಗೆಗೆ ಗುರಿಯಾದವನು ಮುಂದಿನ ಮೂರು ವರ್ಷ ಬಾಯಿ ತೆರೆಯದಿರುವುದು ಯಾವುದೇ ಕಾಲೇಜಿನಲ್ಲಿ ಕಾಣುವ ಸಂಗತಿ. ಭಾಷೆಯ ಅಜ್ಞಾನಕ್ಕಿಂತ ಈ ಅಂಜಿಕೆ ಹೆಚ್ಚು ಕೆಲಸ ಕೆಡಿಸಿದೆ.

ಬೇಕಾದದ್ದು, ಇಲ್ಲದ್ದು, ಬಯಸಿದ್ದು

ಉದ್ಯೋಗಕ್ಕಾಗಿ ಇಂಗ್ಲಿಷ್ ಕಲಿಸುವ ಶಾಸ್ತ್ರ ಜಗತ್ತಿನಲ್ಲಿ ಸಾಕಷ್ಟು ಬೆಳೆದಿದೆ. ಟಾಮ್ ಹಚಿನ್ಸನ್ ಮತ್ತು ಅಲನ್ ವಾಟರ್ಸ್ ಎಂಬ ಬ್ರಿಟಿಷ್ ತಜ್ಞರು 1987ರಲ್ಲಿ ಪ್ರಕಟಿಸಿದ ಗ್ರಂಥವೊಂದು ಈ ಕ್ಷೇತ್ರದ ಮೂಲ ಪಠ್ಯಗಳಲ್ಲಿ ಒಂದು. ಪಠ್ಯಕ್ರಮ ರೂಪಿಸುವ ಮುನ್ನ ಮೂರು ಸಂಗತಿಗಳನ್ನು ಬೇರೆ ಬೇರೆಯಾಗಿ ಅಳೆಯಬೇಕೆಂಬುದು ಅವರ ವಾದ: ಕೆಲಸಕ್ಕೆ ನಿಜವಾಗಿ ಬೇಕಾದದ್ದೇನು, ಕಲಿಯುವವನಲ್ಲಿ ಇಲ್ಲದ್ದೇನು, ಕಲಿಯುವವನು ತನಗೆ ಬೇಕೆಂದು ಭಾವಿಸಿರುವುದೇನು. ಮೂರೂ ಒಂದೇ ಆಗಿರಬೇಕೆಂದೇನೂ ಇಲ್ಲ.

ಅವಳಿನಗರದಲ್ಲಿ ಇವು ಮೂರು ದಿಕ್ಕಿಗೆ ಮುಖ ಮಾಡಿವೆ. ವಿದ್ಯಾರ್ಥಿ ಬಯಸುವುದು ವ್ಯಾಕರಣ. ಹನ್ನೆರಡು ಕಾಲರೂಪಗಳ ಕೋಷ್ಟಕ ಬಾಯಿಗೆ ಬಂದರೆ ಇಂಗ್ಲಿಷ್ ಬಂದಂತೆ ಎಂಬ ನಂಬಿಕೆಯಿಂದ ಸಾವಿರಾರು ರೂಪಾಯಿ ತೆತ್ತು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರುತ್ತಾನೆ. ಅವನಲ್ಲಿ ಇಲ್ಲದ್ದು ಆಲಿಸುವ ಅಭ್ಯಾಸ ಮತ್ತು ತಕ್ಷಣ ಉತ್ತರಿಸುವ ಧೈರ್ಯ. ಕೆಲಸಕ್ಕೆ ಬೇಕಾದದ್ದು ಇನ್ನೂ ನಿರ್ದಿಷ್ಟ. ಥಾಯ್ಲೆಂಡ್, ಇಂಡೊನೇಷ್ಯಾ, ಟರ್ಕಿಯಂಥ ಪ್ರವಾಸೋದ್ಯಮ ನಂಬಿದ ದೇಶಗಳಲ್ಲಿ ವಿದ್ಯಾರ್ಥಿಗಳನ್ನು ಪ್ರಶ್ನಿಸಿ ನಡೆದ ಅಧ್ಯಯನಗಳು ಮತ್ತೆ ಮತ್ತೆ ಹೇಳಿರುವುದೂ ಇದನ್ನೇ: ಮಾತು ಮತ್ತು ಆಲಿಸುವಿಕೆ ಅತಿ ಮುಖ್ಯವೆಂದು ವಿದ್ಯಾರ್ಥಿಗಳು ಬಲ್ಲರು, ತಾವು ಅತಿ ದುರ್ಬಲರಾಗಿರುವುದೂ ಅಲ್ಲಿಯೇ ಎಂದು ಒಪ್ಪುತ್ತಾರೆ. ಅಂದಮೇಲೆ ಇದು ಧಾರವಾಡಕ್ಕೆ ಮಾತ್ರ ಅಂಟಿದ ರೋಗವಲ್ಲ ಎಂಬ ಸಮಾಧಾನವಾದರೂ ಉಂಟು.

ಯಾವ ಮೇಜಿಗೆ ಯಾವ ಮಾತು?

ಟ್ರಾವೆಲ್ ಏಜೆನ್ಸಿಯ ಟಿಕೆಟ್ ಮೇಜಿನಿಂದಲೇ ಆರಂಭಿಸಬಹುದು. ಇಲ್ಲಿ ಭಾಷಣ ಬೇಕಿಲ್ಲ. ದೂರವಾಣಿಯಲ್ಲಿ ಗ್ರಾಹಕ ಹೇಳಿದ ಹೆಸರಿನ ಅಕ್ಷರಗಳನ್ನು ತಪ್ಪಿಲ್ಲದೆ ಕೇಳಿಸಿಕೊಳ್ಳಬೇಕು. ಬಿ ಮತ್ತು ಡಿ, ಎಂ ಮತ್ತು ಎನ್ ಫೋನಿನಲ್ಲಿ ಒಂದೇ ರೀತಿ ಕೇಳುವುದರಿಂದ ವಿಮಾನಯಾನ ಲೋಕದಲ್ಲಿ ಆಲ್ಫಾ, ಬ್ರಾವೊ, ಚಾರ್ಲಿ, ಡೆಲ್ಟಾ ಎಂಬ ಅಕ್ಷರಮಾಲೆ ಬಳಕೆಯಲ್ಲಿದೆ. ಇಪ್ಪತ್ತಾರು ಶಬ್ದಗಳ ಈ ಪಟ್ಟಿಯನ್ನು ಕಲಿಯಲು ಒಂದು ವಾರ ಸಾಕು. ಕಲಿಯದಿದ್ದರೆ ಟಿಕೆಟ್ಟಿನ ಹೆಸರಿಗೂ ಪಾಸ್‌ಪೋರ್ಟಿನ ಹೆಸರಿಗೂ ಒಂದಕ್ಷರ ವ್ಯತ್ಯಾಸವಾಗಿ, ಪ್ರಯಾಣಿಕ ವಿಮಾನ ನಿಲ್ದಾಣದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ.

ದಾಂಡೇಲಿಯ ಕಥೆ ಬೇರೆ. ಕಾಳಿ ನದಿಯ ರಾಫ್ಟಿಂಗಿಗೆ, ಮಂಗಟ್ಟೆ ಹಕ್ಕಿ ನೋಡಲು ಬರುವವರಲ್ಲಿ ಹೆಚ್ಚಿನವರು ಬೆಂಗಳೂರು, ಪುಣೆ, ಮುಂಬಯಿ, ಗೋವೆಯವರು. ಒಂದೇ ದೋಣಿಯಲ್ಲಿ ನಾಲ್ಕು ಭಾಷೆಯವರಿರುತ್ತಾರೆ. ಜಾಕೆಟ್ಟಿನ ಪಟ್ಟಿ ಬಿಗಿಯಿರಲಿ, ನೀರಿಗೆ ಬಿದ್ದರೆ ಕಾಲು ಮುಂದೆ ಮಾಡಿ ತೇಲಿರಿ ಎಂಬ ಸೂಚನೆ ಎಲ್ಲರಿಗೂ ಏಕಕಾಲಕ್ಕೆ ತಿಳಿಯಬೇಕು. ಇಲ್ಲಿ ಚೆಂದದ ಇಂಗ್ಲಿಷಿಗಿಂತ ಗಟ್ಟಿಯಾದ, ಚುಟುಕಾದ ಇಂಗ್ಲಿಷ್ ಜೀವ ಉಳಿಸುತ್ತದೆ.

ಹೋಟೆಲಿನ ರಿಸೆಪ್ಷನ್ ಮೇಜಿನಲ್ಲಿ ಸಮಸ್ಯೆ ಸೂಕ್ಷ್ಮವಾಗಿದೆ, ಮತ್ತು ಅದರ ಬಗ್ಗೆ ಪಠ್ಯಪುಸ್ತಕಗಳು ಮೌನವಾಗಿವೆ. ಹುಬ್ಬಳ್ಳಿಯ ಕನ್ನಡದಲ್ಲಿ ಗೌರವ ಕ್ರಿಯಾಪದದ ತುದಿಯಲ್ಲಿಯೇ ಇರುತ್ತದೆ. ಬರ್ರಿ, ಕೂಡ್ರಿ, ಪಾಸ್‌ಪೋರ್ಟ್ ಕೊಡ್ರಿ ಎಂದರೆ ಆ "ರಿ" ಒಂದೇ ಸಾಕು. ಅತಿಥಿಗೆ ಮರ್ಯಾದೆ ಸಂದಿತು. ಇದೇ ವಾಕ್ಯವನ್ನು ವಿದ್ಯಾರ್ಥಿ ಇಂಗ್ಲಿಷಿಗೆ ತಿರುಗಿಸಿದಾಗ "ಗಿವ್ ಪಾಸ್‌ಪೋರ್ಟ್", "ಸಿಟ್ ದೇರ್" ಎಂದಾಗುತ್ತದೆ. ವ್ಯಾಕರಣ ದೊಡ್ಡದಾಗಿ ತಪ್ಪಿಲ್ಲ, ಆದರೆ "ರಿ" ಕಳೆದುಹೋಗಿದೆ. ಇಂಗ್ಲಿಷಿನಲ್ಲಿ ಮರ್ಯಾದೆ ಕ್ರಿಯಾಪದದಲ್ಲಿ ಇರುವುದಿಲ್ಲ; ವಿನಂತಿಯನ್ನು ಪ್ರಶ್ನೆಯ ರೂಪಕ್ಕೆ ತಿರುಗಿಸುವುದರಲ್ಲಿ ಇರುತ್ತದೆ. "ಮೇ ಐ ಸೀ ಯುವರ್ ಪಾಸ್‌ಪೋರ್ಟ್, ಪ್ಲೀಸ್" ಎನ್ನಬೇಕಾದಲ್ಲಿ ಆಜ್ಞೆ ಕೇಳಿಸಿದ ಅತಿಥಿಗೆ ಸಿಬ್ಬಂದಿ ಒರಟು ಎನಿಸುತ್ತದೆ. ಮನೆಗೆ ಬಂದವರಿಗೆ ಚಹಾ ಕುಡಿಸದೆ ಕಳುಹಿಸದ ಊರಿನ ಹುಡುಗನಿಗೆ ಅಂತರಜಾಲದಲ್ಲಿ ಒರಟನೆಂಬ ಹೆಸರು ಬರುವುದು ಹೀಗೆ. ಇಂಥ ಇಪ್ಪತ್ತು-ಮೂವತ್ತು ವಾಕ್ಯಗಳನ್ನು ನಾಲಿಗೆಗೆ ರೂಢಿ ಮಾಡಿಸಿದರೆ ಮೇಜಿನ ಕೆಲಸದ ಬಹುಪಾಲು ಸಾಗುತ್ತದೆ. ಉಳಿದದ್ದು ಬರವಣಿಗೆ: ವಿದೇಶಿ ಅತಿಥಿ ತಂಗಿದ 24 ಗಂಟೆಯೊಳಗೆ ಅವರ ವಿವರಗಳನ್ನು ಅಧಿಕಾರಿಗಳಿಗೆ ಸಲ್ಲಿಸುವುದು, ಕಾಯ್ದಿರಿಸುವಿಕೆಯ ಇ-ಮೇಲ್‌ಗೆ ಉತ್ತರಿಸುವುದು, ದೂರಿಗೆ ಕ್ಷಮೆ ಕೋರುವುದು.

ಮಾರ್ಗದರ್ಶಿಯ, ಅಂದರೆ ಗೈಡ್ ಕೆಲಸವೇ ಎಲ್ಲಕ್ಕಿಂತ ಹೆಚ್ಚು ಇಂಗ್ಲಿಷ್ ಬೇಡುವಂಥದ್ದು, ಅದಕ್ಕೇ ವಿದ್ಯಾರ್ಥಿಗಳು ಅದರಿಂದ ದೂರ ಸರಿಯುತ್ತಾರೆ. ಆದರೆ ಇಲ್ಲಿಯೂ ಅಡಚಣೆ ಎಲ್ಲಿದೆ ಎಂಬುದನ್ನು ಬಿಡಿಸಿ ನೋಡಬೇಕು. ಬಾದಾಮಿಯ ಮೂರನೆಯ ಗುಹೆಯ ಶಾಸನ ಶಕ ವರ್ಷ 500ರದು. ಜರ್ಮನಿಯಿಂದ ಬಂದವನಿಗೆ ಶಕ ಎಂದರೇನು ಎಂದು ಮೊದಲು ಹೇಳಬೇಕು, 78 ಕೂಡಿಸಿ ಕ್ರಿ.ಶ. 578 ಎಂದು ತಿಳಿಸಬೇಕು, ಅರಸ ಕೀರ್ತಿವರ್ಮನ ತಮ್ಮ ಮಂಗಳೇಶ ವಿಷ್ಣುವಿಗಾಗಿ ಈ ಗುಹೆಯನ್ನು ಕೊರೆಸಿದ ಎನ್ನಬೇಕು. ಇದಕ್ಕೆ ಬೇಕಾದದ್ದು ನಾಲ್ಕು ಸಣ್ಣ ವಾಕ್ಯ. ಕಷ್ಟವಿರುವುದು ಕೇಳುವವನಿಗೆ ಏನು ಗೊತ್ತಿಲ್ಲ ಎಂಬುದನ್ನು ಊಹಿಸುವುದರಲ್ಲಿ. ಹಾಗೆಯೇ ಬಾದಾಮಿಯ ಗುಹೆ ಕೊರೆದದ್ದು, ಪಟ್ಟದಕಲ್ಲಿನ ಗುಡಿ ಕಟ್ಟಿದ್ದು. ಎರಡಕ್ಕೂ "ಕನ್‌ಸ್ಟ್ರಕ್ಟೆಡ್" ಎಂಬ ಒಂದೇ ಶಬ್ದ ಬಳಸಿದರೆ ಬೆಟ್ಟವನ್ನೇ ಕೆತ್ತಿ ದೇಗುಲ ಮಾಡಿದ ಶಿಲ್ಪಿಯ ಸಾಹಸ ಕೇಳುಗನಿಗೆ ತಲುಪುವುದೇ ಇಲ್ಲ. "ಕಾರ್ವ್ಡ್" ಎಂಬ ಒಂದು ಶಬ್ದದ ಬೆಲೆ ಇಲ್ಲಿ ವ್ಯಾಕರಣದ ಒಂದು ಅಧ್ಯಾಯಕ್ಕಿಂತ ಹೆಚ್ಚು. ದ್ವಾರಪಾಲಕ, ಮಕರತೋರಣ, ಶುಕನಾಸಿಯಂಥ ಶಬ್ದಗಳನ್ನು ಹಾಗೆಯೇ ಇಟ್ಟು ಒಂದು ವಾಕ್ಯದ ವಿವರಣೆ ಕೊಡುವುದೇ ಲೇಸು. ಅವಕ್ಕೆ ಇಂಗ್ಲಿಷ್ ಹೆಸರು ಹುಡುಕುತ್ತ ತಡವರಿಸುವ ಅಗತ್ಯವಿಲ್ಲ.

ಗೈಡ್ ಕೆಲಸದಿಂದ ಹಿಂಜರಿಯಲು ಇನ್ನೊಂದು ಕಾರಣವನ್ನೂ ಇಲ್ಲಿ ಹೇಳಬೇಕು. ಹಂಗಾಮಿನ ದುಡಿಮೆ, ಅಪರಿಚಿತರೊಡನೆ ದಿನವಿಡೀ ಅಲೆದಾಟ ಎಂಬ ಕಾರಣಕ್ಕೆ ಹೆಣ್ಣುಮಕ್ಕಳನ್ನು ಈ ಕೆಲಸಕ್ಕೆ ಕಳುಹಿಸಲು ಮನೆಯವರು ಒಪ್ಪುವುದು ವಿರಳ. ತರಗತಿಯಲ್ಲಿ ಚೆನ್ನಾಗಿ ಮಾತನಾಡುವ ಹುಡುಗಿ ಕೊನೆಗೆ ಬಿ.ಇಡಿ. ಕಡೆಗೆ ಹೊರಳುತ್ತಾಳೆ. ಇದಕ್ಕೂ ಇಂಗ್ಲಿಷಿಗೂ ಸಂಬಂಧವಿಲ್ಲ.

ಬರುವವರು ಯಾರು?

ಪ್ರವಾಸಿ ಎಂದರೆ ಬ್ರಿಟನ್ ಅಥವಾ ಅಮೆರಿಕದ ಬಿಳಿಯ ಎಂಬ ಚಿತ್ರ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಅಚ್ಚೊತ್ತಿದೆ. ಅವರ ಉಚ್ಚಾರಣೆ ತಮಗೆ ತಿಳಿಯದು, ತಮ್ಮ ಉಚ್ಚಾರಣೆ ಅವರಿಗೆ ತಿಳಿಯದು ಎಂಬ ಹೆದರಿಕೆಯ ಮೂಲವೂ ಇದೇ. 2019ರಲ್ಲಿ ಭಾರತಕ್ಕೆ ಬಂದ ವಿದೇಶಿ ಪ್ರವಾಸಿಗರ ಸಂಖ್ಯೆ ಸುಮಾರು 1.09 ಕೋಟಿ. ಕೋವಿಡ್ ಕಾಲದಲ್ಲಿ, 2021ರಲ್ಲಿ ಅದು 15 ಲಕ್ಷದ ಆಸುಪಾಸಿಗೆ ಕುಸಿಯಿತು. 2023ರಲ್ಲಿ ಸುಮಾರು 95 ಲಕ್ಷಕ್ಕೆ ಚೇತರಿಸಿಕೊಂಡಿತು. ಈ ವರ್ಷಗಳಲ್ಲಿ ಹೆಚ್ಚು ಜನರನ್ನು ಕಳುಹಿಸಿದ ದೇಶಗಳ ಸಾಲಿನಲ್ಲಿ ಅಮೆರಿಕದ ಜೊತೆಗೆ ನಿಲ್ಲುವುದು ನೆರೆಯ ಬಾಂಗ್ಲಾದೇಶ. ಫ್ರಾನ್ಸ್, ಜರ್ಮನಿ, ಜಪಾನ್‌ನಿಂದ ಬಂದವರಿಗೂ ಇಂಗ್ಲಿಷ್ ಮನೆಮಾತಲ್ಲ. ಅವರೂ ಶಾಲೆಯಲ್ಲಿ ಕಲಿತವರೇ. ನಿಧಾನವಾಗಿ, ಸಣ್ಣ ವಾಕ್ಯಗಳಲ್ಲಿ ಮಾತನಾಡುವ ಗೈಡ್ ಅವರಿಗೆ ವರವೇ ಸರಿ.

ಇನ್ನು ಹಂಪಿ, ಬಾದಾಮಿ, ಐಹೊಳೆಗೆ ಬರುವವರಲ್ಲಿ ಸ್ವದೇಶಿಯರೇ ಬಹುಸಂಖ್ಯಾತರು. ಕನ್ನಡಿಗರು, ಮರಾಠಿಗರು, ತೆಲುಗರು, ಬಂಗಾಳಿಗಳು. ಇಲ್ಲಿ ಅವಳಿನಗರದ ವಿದ್ಯಾರ್ಥಿಗೆ ಇರುವ ಅನುಕೂಲವನ್ನು ಅವನೇ ಗಮನಿಸಿಲ್ಲ. ಹುಬ್ಬಳ್ಳಿಯ ಪೇಟೆಯಲ್ಲಿ ಬೆಳೆದವನಿಗೆ ಕನ್ನಡದ ಜೊತೆ ಹಿಂದಿ ಅಥವಾ ಉರ್ದು ಸಲೀಸು. ಹಲವರಿಗೆ ಮರಾಠಿ ಅರ್ಥವಾಗುತ್ತದೆ, ಕೆಲವರ ಮನೆಯಲ್ಲಿ ಕೊಂಕಣಿ. ದುರ್ಗದಬೈಲಿನ ತರಕಾರಿ ವ್ಯಾಪಾರಿ ಗಿರಾಕಿಯ ಮುಖ ನೋಡಿ ಭಾಷೆ ಬದಲಿಸುವುದನ್ನು ನೋಡಿದವರಿಗೆ ಈ ಸಾಮರ್ಥ್ಯ ಎಂಥದೆಂದು ತಿಳಿದೀತು. ಅದೇ ವ್ಯಾಪಾರಿಯ ಮಗ ಉದ್ಯೋಗದ ಅರ್ಜಿ ತುಂಬುವಾಗ "ತಿಳಿದಿರುವ ಭಾಷೆಗಳು" ಎಂಬಲ್ಲಿ ಕನ್ನಡ ಎಂದು ಬರೆದು, ಇಂಗ್ಲಿಷ್ ಎಂದು ಅಳುಕುತ್ತ ಸೇರಿಸಿ, ಉಳಿದೆರಡನ್ನು ಬಿಟ್ಟುಬಿಡುತ್ತಾನೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತಾಗಿದೆ.

ಹಾಗೆಂದು ಇಂಗ್ಲಿಷ್ ಬೇಡವೆಂದಲ್ಲ. ಮಾರ್ಗದರ್ಶಿಯಾಗಿ ಬಾದಾಮಿಯಲ್ಲಿ ಹಿಂದಿ ಸಾಕಾದೀತು. ಗೋವೆಯ ಹೋಟೆಲಿನಲ್ಲಿ, ಬೆಂಗಳೂರಿನ ಟೂರ್ ಕಂಪನಿಯಲ್ಲಿ ಬಡ್ತಿ ಸಿಗಬೇಕಾದರೆ ಸಾಲದು. ಅಡುಗೆಮನೆಯಿಂದ, ಹೌಸ್‌ಕೀಪಿಂಗ್‌ನಿಂದ ರಿಸೆಪ್ಷನ್ನಿಗೆ, ಅಲ್ಲಿಂದ ಮಾರಾಟ ವಿಭಾಗಕ್ಕೆ ಏರುವ ಪ್ರತಿ ಮೆಟ್ಟಿಲಿನಲ್ಲೂ ಇಂಗ್ಲಿಷ್ ಕಾವಲು ನಿಂತಿದೆ. ಒಂದೇ ವರ್ಷ ತರಬೇತಿ ಮುಗಿಸಿದ ಇಬ್ಬರಲ್ಲಿ ಒಬ್ಬನು ಐದು ವರ್ಷದ ನಂತರವೂ ಹಾಸಿಗೆ ಹಾಸುತ್ತಿದ್ದು ಇನ್ನೊಬ್ಬನು ಮ್ಯಾನೇಜರ್ ಆಗುವುದಕ್ಕೆ ಅನೇಕ ಸಲ ಇದೊಂದೇ ಕಾರಣ. ವಿದ್ಯಾರ್ಥಿಗಳ ಆತಂಕ ಆಧಾರವಿಲ್ಲದ್ದೇನೂ ಅಲ್ಲ.

ಕನ್ನಡದ ನೆಲದಲ್ಲಿ ಇಂಗ್ಲಿಷ್

ಧಾರವಾಡದಲ್ಲಿ ಇಂಗ್ಲಿಷಿನ ಮಾತೆತ್ತಿದರೆ ಇನ್ನೊಂದು ಮುಜುಗರ ಎದುರಾಗುತ್ತದೆ. ಕರ್ನಾಟಕ ವಿದ್ಯಾವರ್ಧಕ ಸಂಘ 1890ರಲ್ಲಿ ಹುಟ್ಟಿದ ಊರಿದು. ಇಂಗ್ಲಿಷಿನ ಹಿಂದೆ ಬಿದ್ದರೆ ಕನ್ನಡಕ್ಕೆ ದ್ರೋಹವಾಯಿತೇ ಎಂಬ ಅಳುಕು ಕೆಲವು ವಿದ್ಯಾರ್ಥಿಗಳಲ್ಲಿದೆ. ಅವರಿಗೆ ವಿನಾಯಕ ಕೃಷ್ಣ ಗೋಕಾಕರನ್ನು ನೆನಪಿಸಬಹುದು. ಆಕ್ಸ್‌ಫರ್ಡ್‌ನಲ್ಲಿ ಓದಿ ಇಂಗ್ಲಿಷ್ ಪ್ರಾಧ್ಯಾಪಕರಾಗಿ, ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರೂ ಆಗಿದ್ದವರು ಅವರು. ಪ್ರೌಢಶಾಲೆಯಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕೆಂದು 1981ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರೂ ಅವರೇ. ಆ ವರದಿಗಾಗಿ ನಡೆದ ಚಳವಳಿಯ ಕಾವು ಮೊದಲು ಏರಿದ್ದು ಧಾರವಾಡದಲ್ಲಿ. ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಕಡ್ಡಾಯ ಮಾಡುವಂತಿಲ್ಲ ಎಂದು 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತ ಮೇಲೆ, 2019-20ರಲ್ಲಿ ಸರ್ಕಾರವೇ ಒಂದು ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗಗಳನ್ನು ತೆರೆದ ಮೇಲೆ ಮಾಧ್ಯಮದ ಚರ್ಚೆಯ ಸ್ವರೂಪವೇ ಬದಲಾಗಿದೆ. ಪ್ರವಾಸೋದ್ಯಮದ ಮಟ್ಟಿಗಂತೂ ಎರಡು ಭಾಷೆಗಳ ನಡುವೆ ಜಗಳವಿಲ್ಲ. ಲಕ್ಕುಂಡಿಯ ಬ್ರಹ್ಮಜಿನಾಲಯವನ್ನು 1007ರಲ್ಲಿ ಕಟ್ಟಿಸಿದ ಅತ್ತಿಮಬ್ಬೆ ಯಾರು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದವಳಿಗೆ ದಾನಚಿಂತಾಮಣಿ ಎಂಬ ಬಿರುದು ಏಕೆ ಎಂಬುದನ್ನು ಕನ್ನಡದಲ್ಲಿ ಬಲ್ಲವನೇ ಇಂಗ್ಲಿಷಿನಲ್ಲಿ ಚೆನ್ನಾಗಿ ಹೇಳಬಲ್ಲ. ಮುದ್ರಣ ಯಂತ್ರವಿಲ್ಲದ ಕಾಲದಲ್ಲಿ ತಾಳೆಗರಿಯ ಮೇಲೆ ಸಾವಿರ ಪ್ರತಿ ಎಂದಾಗ ವಿದೇಶಿ ಪ್ರವಾಸಿಯ ಹುಬ್ಬು ಏರದೇ ಇರದು.

ಭಾಷಾ ಕಲಿಕೆಯ ಪ್ರೇರಣೆಯನ್ನು ಕೆನಡಾದ ಗಾರ್ಡ್ನರ್ ಮತ್ತು ಲ್ಯಾಂಬರ್ಟ್ 1972ರಲ್ಲಿಯೇ ಎರಡು ಬಗೆಯಾಗಿ ವಿಂಗಡಿಸಿದ್ದರು: ಕೆಲಸ, ಸಂಬಳದಂಥ ಪ್ರಯೋಜನಕ್ಕಾಗಿ ಕಲಿಯುವುದು ಒಂದು, ಆ ಭಾಷೆಯ ಜನರೊಡನೆ ಬೆರೆಯುವ ಆಸೆಯಿಂದ ಕಲಿಯುವುದು ಇನ್ನೊಂದು. ಇಲ್ಲಿನ ವಿದ್ಯಾರ್ಥಿಗಳದು ಮೊದಲ ಬಗೆಯದು ಎಂಬುದು ನಿಸ್ಸಂದೇಹ. ಪ್ರಯೋಜನದ ಕಲಿಕೆಗೆ ಪ್ರಯೋಜನ ಕಣ್ಣೆದುರು ಕಾಣುತ್ತಿರಬೇಕು. ಪಠ್ಯದಲ್ಲಿ ಇಂಗ್ಲೆಂಡಿನ ಕವಿತೆ, ಪರೀಕ್ಷೆಯಲ್ಲಿ ರಜೆ ಕೋರುವ ಪತ್ರ ಇದ್ದಲ್ಲಿ ಅದು ಕಾಣುವುದು ಹೇಗೆ?

ಕೈಯಲ್ಲಿರುವ ಯಂತ್ರ

ಮೊಬೈಲ್ ಅನುವಾದ ಇರುವಾಗ ಇಷ್ಟು ತಲೆಬಿಸಿ ಏಕೆ ಎಂಬ ಪ್ರಶ್ನೆ ಹೊಸ ತಲೆಮಾರಿನದು. ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರಲ್ಲಿ. ಅಂದಿನಿಂದ ಅದು ಬಹಳ ಸುಧಾರಿಸಿದೆ, ಈಗ ಮಾತನ್ನೂ ತಿರುಗಿಸುತ್ತದೆ. ದಾರಿ ಕೇಳಲು, ಊಟದ ಪಟ್ಟಿ ಓದಲು ಅದು ಸಾಕು. ಆದರೆ ಫೋನೇ ಎಲ್ಲ ಹೇಳುವುದಾದರೆ ಪ್ರವಾಸಿ ಗೈಡ್‌ಗೆ ಹಣ ಕೊಡುವುದೇಕೆ? ಮನುಷ್ಯನ ಮುಖ ನೋಡಿ ಕಥೆ ಕೇಳುವ ಸುಖಕ್ಕೇ ಆತ ಹಣ ತೆರುವುದು. ಫೋನಿನ ನಿಜವಾದ ಉಪಯೋಗ ಬೇರೆಡೆ ಇದೆ. ತನ್ನ ಮಾತನ್ನು ತಾನೇ ಧ್ವನಿಮುದ್ರಿಸಿ ಕೇಳಿಕೊಳ್ಳಲು, ನಗುವವರಿಲ್ಲದ ಕೋಣೆಯಲ್ಲಿ ನೂರು ಸಲ ತಪ್ಪು ಮಾಡಲು ಅದಕ್ಕಿಂತ ಅಗ್ಗದ ಗುರು ಇಲ್ಲ. ಅಂಜಿಕೆಯೇ ಮುಖ್ಯ ಕಾಯಿಲೆಯಾಗಿರುವಾಗ ಇದು ಸಣ್ಣ ಔಷಧವಲ್ಲ.

ಕಾಲೇಜುಗಳ ಕೈಯಲ್ಲಿಯೂ ಮಾಡಬಹುದಾದ ಕೆಲಸವಿದೆ, ಅದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಉಣಕಲ್ಲಿನ ಚಂದ್ರಮೌಳೇಶ್ವರ ದೇಗುಲಕ್ಕೆ ನಗರ ಸಾರಿಗೆಯ ಟಿಕೆಟ್ಟಿನಲ್ಲಿ ಹೋಗಿ ಬರಬಹುದು. ಅಲ್ಲಿ ಪ್ರತಿ ವಿದ್ಯಾರ್ಥಿ ಐದು ನಿಮಿಷ ಇಂಗ್ಲಿಷಿನಲ್ಲಿ ವಿವರಿಸಲಿ, ಸಹಪಾಠಿಗಳು ಪ್ರವಾಸಿಗರಾಗಿ ಪ್ರಶ್ನೆ ಕೇಳಲಿ, ಅದಕ್ಕೆ ಆಂತರಿಕ ಅಂಕವಿರಲಿ. ಇತಿಹಾಸದ ಅಧ್ಯಾಪಕರೂ ಇಂಗ್ಲಿಷ್ ಅಧ್ಯಾಪಕರೂ ಒಟ್ಟಿಗೆ ಹೋಗಬೇಕು. ಸದ್ಯ ಒಬ್ಬರಿಗೆ ಗುಡಿ ಗೊತ್ತು, ಇನ್ನೊಬ್ಬರಿಗೆ ಭಾಷೆ ಗೊತ್ತು, ಇಬ್ಬರೂ ಒಂದೇ ತರಗತಿಯಲ್ಲಿ ಸೇರುವುದಿಲ್ಲ. ಎರಡನೆಯ ವರ್ಷಕ್ಕೆ ಲಕ್ಕುಂಡಿ, ಮೂರನೆಯ ವರ್ಷಕ್ಕೆ ಬಾದಾಮಿ ಎಂದು ಹಂತ ಹಾಕಿಕೊಳ್ಳುವುದೂ ಸಾಧ್ಯ.

ತೊಡಕಿರುವುದು ಕ್ಯಾಲೆಂಡರಿನಲ್ಲಿ. ಹಂಪಿ, ಬಾದಾಮಿಗಳಲ್ಲಿ ಪ್ರವಾಸಿಗರ ಹಂಗಾಮು ಅಕ್ಟೋಬರಿನಿಂದ ಫೆಬ್ರುವರಿವರೆಗೆ. ಅದೇ ತಿಂಗಳುಗಳಲ್ಲಿ ಕಾಲೇಜುಗಳಲ್ಲಿ ಪಾಠ ಮುಗಿಸುವ ಧಾವಂತ, ಸೆಮಿಸ್ಟರ್ ಪರೀಕ್ಷೆ. ವಿದ್ಯಾರ್ಥಿಗಳನ್ನು ತರಬೇತಿಗೆ ಬಿಡುವುದು ಬೇಸಿಗೆಯ ರಜೆಯಲ್ಲಿ, ಬಾದಾಮಿಯ ಬಂಡೆಗಳು ಕಾದ ಹೆಂಚಿನಂತಿರುವಾಗ, ವಿದೇಶಿ ಪ್ರವಾಸಿಗರು ಅತ್ತ ತಲೆ ಹಾಕದ ಏಪ್ರಿಲ್-ಮೇ ತಿಂಗಳಲ್ಲಿ. ತರಬೇತಿಯ ಅವಧಿಯನ್ನು ಡಿಸೆಂಬರ್‌ಗೆ ಬದಲಿಸಬೇಕಾದರೆ ವಿಶ್ವವಿದ್ಯಾಲಯದ ಪರೀಕ್ಷಾ ವೇಳಾಪಟ್ಟಿ ಬದಲಾಗಬೇಕು.